ಫ್ಲಾಸ್ಕಿನ ತಿಳಿ ಗುಲಾಬಿ

"ಏನ್ರೀ... ಫ್ಲಾಸ್ಕ್ ನೋಡೋದು ಬಿಟ್ಟು ನನ್ನ ಮುಖ ಯಾಕೆ ನೋಡ್ತಿದ್ದೀರಾ?"

ಅವಳು ಗದರಿದ್ದಕ್ಕೆ ಇಡೀ ಕೆಮಿಸ್ಟ್ರಿ ಲ್ಯಾಬ್ ತಿರುಗಿ ನೋಡಿತು. ಕ್ಲಾಸಿನವರೆಲ್ಲ 'ಕಂಬ' ಅಂತ ಕರೆಯುತ್ತಿದ್ದ ಆ ಉದ್ದನೆಯ ಫಿಸಿಯೋಥೆರಪಿ ವಿದ್ಯಾರ್ಥಿ ತಬ್ಬಿಬ್ಬಾಗಿ ತಲೆ ತಗ್ಗಿಸಿದ.

ಪಾಪ, ಅವಳ ಸಿಟ್ಟಿಗೂ ಕಾರಣವಿತ್ತು. ಮನೆಯವರ ಬಾಯಲ್ಲಿ 'ಗುಬ್ಬಿ' ಆಗಿದ್ದ ಅವಳು ಇತಿಹಾಸ ಓದಿಕೊಂಡು ಬಂದವಳು. ನರ್ಸ್ ಆಗಲೇಬೇಕು ಅಂತ ಹಟ ಹಿಡಿದು ಸೇರಿದ ಮೇಲೆ ಗೊತ್ತಾಗಿದ್ದು, ಮೊದಲ ವರ್ಷದ ಕೆಮಿಸ್ಟ್ರಿ ಪಾಸಾಗದಿದ್ದರೆ ಸೀಟೇ ಹೋಗುತ್ತದೆ ಅಂತ! ಆ ಪಾಠವೋ ಅವಳಿಗೆ ಕಬ್ಬಿಣದ ಕಡಲೆ.

ಎರಡೂ ಕೋರ್ಸಿನವರಿಗೆ ಒಂದೇ ಲ್ಯಾಬ್; ಪ್ರಯೋಗಕ್ಕೆ ಜೊತೆಗಾರನಾಗಿ ಸಿಕ್ಕವನು ಈ ಕಂಬ. ಬ್ಯೂರೆಟ್ ಎಂಬ ಉದ್ದನೆಯ ಗಾಜಿನ ಕೊಳವೆಯ ನಲ್ಲಿ ತಿರುಗಿಸುವವನು ಅವನು. ಹನಿ ಹನಿ ಬಿದ್ದು ಕೆಳಗಿನ ಫ್ಲಾಸ್ಕಿನಲ್ಲಿ ತಿಳಿ ಗುಲಾಬಿ ಬಣ್ಣ ಬಂದು ನಿಂತ ತಕ್ಷಣ ನಲ್ಲಿ ಮುಚ್ಚಬೇಕು. ಅವನ ಕಣ್ಣು ಮಾತ್ರ ಅವಳ ಮುಖದ ಮೇಲೆ!

'ಇತಿಹಾಸದವಳು ಪೆದ್ದುಪೆದ್ದಾಗಿ ನೋಡೋದನ್ನ ಕಂಡು ಮಜಾ ತಗೋತಿದ್ದಾನೆ...' ಅಂದುಕೊಂಡಳು ಗುಬ್ಬಿ.

ಆ ರಾತ್ರಿ ಫೋನಿನಲ್ಲಿ ಇದನ್ನು ಕೇಳಿ ಅಕ್ಕ ನಕ್ಕಳು. "ನೋಡ್ಲಿ ಬಿಡೇ ಗುಬ್ಬಿ, ನಿನ್ನ ಮುಖ ಸವೆದು ಹೋಗುತ್ತಾ? ಮನಸ್ಸಲ್ಲಿ ಇರೋದೆಲ್ಲ ಮುಖದಲ್ಲೇ ಕಾಣ್ಸುತ್ತೆ ನಿಂಗೆ!"

'ಹೌದಾ? ಹಾಗಾದ್ರೆ ಇನ್ಮೇಲೆ ಏನೂ ಕಾಣ್ಸಲ್ಲ!'

ಮುಂದಿನ ವಾರ ಪ್ರಾಯೋಗಿಕ ಪರೀಕ್ಷೆ. ಗುಬ್ಬಿ ಮುಖ ಬಿಗಿದುಕೊಂಡು ನಿಂತಳು. ಹನಿ ಬಿತ್ತು... ಇನ್ನೊಂದು... ತಿಳಿ ಗುಲಾಬಿ ಬಂತು. ಅವನು ನಿಲ್ಲಿಸಲಿಲ್ಲ.

"ಇನ್ನೂ ಬಂದಿಲ್ವಾ?" ಅಂತ ಪಿಸುಗುಟ್ಟಿದ.

'ನಾಟಕ ನೋಡು! ಕಣ್ಣಿಲ್ವಾ, ತಾನೇ ನಿಲ್ಲಿಸ್ತಾನೆ.' ಅವಳು ತುಟಿ ಪಿಟಕ್ಕೆನ್ನಲಿಲ್ಲ. ಗುಲಾಬಿ ಎದ್ದು ಕಾಣತೊಡಗಿತು.

"ನಿಲ್ಲಿಸೋದು ಯಾವಾಗ? ಕಾಲೇಜು ಬಾಗಿಲು ಹಾಕಿದ ಮೇಲಾ?" ಹಿಂದಿನಿಂದ ಮೇಡಂ ಗದರಿದರು. "ಬಣ್ಣ ಕಾಣಲ್ವಾ ನಿಮಗೆ? ಇಬ್ಬರೂ ಫೇಲ್!"

ಅವನ ಮುಖ ಬಿಳಿಚಿಕೊಂಡಿತು. ಸರಸರನೆ ಹೊರಗೆ ನಡೆದುಬಿಟ್ಟ. ಗುಬ್ಬಿ ಹಿಂದೆಯೇ ಓಡಿದಳು.

"ಬೇಕಂತಲೇ ಮಾಡಿದ್ರಾ? ನನ್ನ ಸೀಟು ಹೋಗುತ್ತೆ ರೀ!"

"ಬೇಕಂತ ಅಲ್ಲ..." ಅವನು ನಿಂತು ಅವಳತ್ತ ತಿರುಗಿದ. "ಆ ಗುಲಾಬಿ ನನ್ನ ಕಣ್ಣಿಗೆ ನೀರಿನ ಥರಾನೇ ಕಾಣುತ್ತೆ. ಹುಟ್ಟಿನಿಂದ್ಲೇ ಹೀಗೆ. ಹೇಳಿದ್ರೆ ಕೋರ್ಸಿಂದ ತೆಗೆದುಹಾಕ್ತಾರೇನೋ ಅಂತ ಭಯ. ಬಣ್ಣ ಬಂದ ತಕ್ಷಣ ನಿಮ್ಮ ಹುಬ್ಬು ಮೇಲೇರುತ್ತೆ... ಅದನ್ನ ನೋಡ್ಕೊಂಡು ನಿಲ್ಲಿಸ್ತಿದ್ದೆ. ಇವತ್ತು ಏರಲೇ ಇಲ್ಲ."

ಅಯ್ಯೋ! ಅವನು ನಂಬಿದ್ದೇ ಅವಳ ಮುಖವನ್ನು. ಅದನ್ನೇ ಗುಬ್ಬಿ ಬಿಗಿದುಕೊಂಡು ನಿಂತಿದ್ದಳು!

"ಬನ್ನಿ," ಅಂತ ಅವನ ತೋಳು ಹಿಡಿದು ನೇರ ಮೇಡಂ ಬಳಿ ಎಳೆದೊಯ್ದಳು. ಅವನು ತಡವರಿಸುತ್ತ ಎಲ್ಲ ಹೇಳಿದ. ಅವಳೂ ತನ್ನ ತಪ್ಪು ಒಪ್ಪಿಕೊಂಡಳು.

ಮೇಡಂ ಕನ್ನಡಕ ತೆಗೆದರು. "ಇಷ್ಟಕ್ಕೆ ಯಾರಪ್ಪ ತೆಗೆದುಹಾಕ್ತಾರೆ? ಅವಳು ಬಣ್ಣ ನೋಡ್ಲಿ, ನೀನು ನಲ್ಲಿ ಹಿಡಿ. ಜೊತೆಗಾರರು ಅಂತ ಯಾಕೆ ಹಾಕಿರೋದು? ನಾಳೆ ಇನ್ನೊಂದ್ಸಲ ಮಾಡಿ."

ಮರುದಿನ ಹನಿ ಬೀಳುತ್ತಿತ್ತು. ಗುಬ್ಬಿ ಉಸಿರು ಬಿಗಿಹಿಡಿದಿದ್ದಳು.

"ನಿಲ್ಲಿಸು!"

'ನೀವು' ಹೋಗಿ ಯಾವಾಗ 'ನೀನು' ಆಯಿತೋ ಅವಳಿಗೇ ತಿಳಿಯಲಿಲ್ಲ. ಮೇಡಂ ಅಳತೆ ನೋಡಿ ತಲೆಯಾಡಿಸಿದರು. ಪಾಸು!

ಸಿಂಕ್ ಬಳಿ ಫ್ಲಾಸ್ಕ್ ತೊಳೆಯುವಾಗ ಅವನು ಮೆಲ್ಲನೆ ಹೇಳಿದ. "ಮೊದಮೊದಲು ಬಣ್ಣಕ್ಕೋಸ್ಕರ ನೋಡಿದ್ದು ನಿಜ. ಆಮೇಲಾಮೇಲೆ... ಹನಿ ಬೀಳದೇ ಇದ್ದಾಗ್ಲೂ ನೋಡ್ತಿದ್ದೆ. ನೀನಂದ್ರೆ ನಂಗೆ ತುಂಬಾ ಇಷ್ಟ."

ಅವಳ ಕೆನ್ನೆ ಬೆಚ್ಚಗಾಯಿತು. ತೊಳೆದ ಫ್ಲಾಸ್ಕನ್ನೇ ಮತ್ತೆ ತೊಳೆಯತೊಡಗಿದಳು.

"ಏನಾದ್ರೂ ಹೇಳು ಮಾರಾಯ್ತಿ... ನಿನ್ನ ಕೆನ್ನೆ ನೋಡಿದ್ರೆ ನಂಗೇನೂ ತಿಳಿಯಲ್ಲ!"

"ಗುಲಾಬಿ... ಬಂದಿದೆ," ಎಂದಳು ನೆಲ ನೋಡುತ್ತ.

"ಹಾಗಾದ್ರೆ ನೋಡೋದು ನಿಲ್ಲಿಸ್ಲಾ?"

ಗುಬ್ಬಿ ತಲೆಯೆತ್ತಿದಳು. ಹುಬ್ಬು ಮೇಲೇರಿತ್ತು.

"ನಿಲ್ಲಿಸಿದ್ರೆ ನೋಡು ಮತ್ತೆ!"