ಪೊಟ್ಟಣದ ಕಿವಿಯಡಿ ಬರೆದದ್ದು

"ಇದರಲ್ಲಿ ಹಣ್ಣು ಎಷ್ಟಿದೆ ಗೊತ್ತಾ?"

ಹಾಸನದ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಪಥ್ಯತಜ್ಞೆ ಶಿವರಂಜನಿ ಲೀಟರ್ ಜ್ಯೂಸ್ ಪೊಟ್ಟಣವನ್ನು ಕಳ್ಳಮಾಲಿನಂತೆ ಎತ್ತಿ ಹಿಡಿದಿದ್ದಳು. ಮಂಚದ ಮೇಲೆ ಅವಳ ಸ್ವಂತ ಅಜ್ಜಿ, ಸಕ್ಕರೆ ಕಾಯಿಲೆಯ ನೀಲಗಂಗಮ್ಮ. ಎದುರಿಗೆ ಪಾಲಾಕ್ಷ. ಹೊಳೆನರಸೀಪುರದಲ್ಲಿ ಅಜ್ಜಿ ಸಾಮಾನು ಕೊಳ್ಳುವ ಅಂಗಡಿ ಅವನದೇ.

"ಮೇಲೆ ಮಾವಿನಹಣ್ಣಿನ ಚಿತ್ರ ಐತಲ್ಲ ಮೇಡಂ..."

"ಚಿತ್ರ ನೂರು ಪರ್ಸೆಂಟ್, ಹಣ್ಣು ಹನ್ನೆರಡು. ಫ್ರೂಟ್ ಡ್ರಿಂಕ್ ಅಂದ್ರೆ ಸಕ್ಕರೆ ನೀರಿಗೆ ಹಣ್ಣಿನ ಪರಿಚಯ ಮಾಡಿಸಿರೋದು."

ಪಕ್ಕದ ಮಂಚದವರೂ ನಕ್ಕರು. ಪಾಲಾಕ್ಷನ ಕಿವಿ ಕೆಂಪಾಯಿತು. ಹತ್ತು ವರ್ಷದಿಂದ ಜ್ಯೂಸ್ ಮಾರುತ್ತಿದ್ದವನು ಪೊಟ್ಟಣದ ಬೆನ್ನು ನೋಡಿದ್ದು ಅದೇ ಮೊದಲು.

ಮರುದಿನ 'ನೆಕ್ಟರ್' ಎಂದು ಬರೆದಿದ್ದ ಪೊಟ್ಟಣ ತಂದ.

"ಇದ್ರಲ್ಲಿ ಹಣ್ಣು ಜಾಸ್ತಿ. ಓದ್ಕೊಂಡೇ ಬಂದೆ."

"ಸಕ್ಕರೆನೂ ಹಾಕಿದ್ದಾರೆ. ಮೂರನೇ ಸಾಲು."

ಮೂರನೆಯ ದಿನ, ನೂರು ಪರ್ಸೆಂಟ್ ಜ್ಯೂಸ್.

"ರಸ ಗಟ್ಟಿ ಮಾಡಿ, ಆಮೇಲೆ ನೀರು ಸೇರಿಸಿದ್ದು. ಸಕ್ಕರೆ ಹಾಕಿಲ್ಲ, ನಿಜ. ಆದ್ರೆ ಹಣ್ಣಿನದ್ದೇ ಇರುತ್ತಲ್ಲ? ಅದರ ಬದಲು ಒಂದು ಸೀಬೆಕಾಯಿ ತನ್ನಿ."

"ಸೀಬೆಕಾಯಿಗೆ ಲೇಬಲ್ ಇರಲ್ಲ ಮೇಡಂ. ಪಾಪ, ನೀವೇನ್ ಓದ್ತೀರಾ?"

ಆ ಮಧ್ಯಾಹ್ನ ರೋಗಿಗಳ ಊಟದ ಚೀಟಿ ಬರೆಯುತ್ತ ಶಿವರಂಜನಿ ಒಬ್ಬಳೇ ನಕ್ಕಳು. 'ಏನಾಗಿದೆ ನನಗೆ...?'

ಡಿಸ್ಚಾರ್ಜ್ ದಿನ ಅವಳು ಮೀಟಿಂಗಿನಲ್ಲಿದ್ದಾಗ ಅವನು ಬಂದು ಹೋದನಂತೆ. ಆಮೇಲೆ ಸುಳಿವಿಲ್ಲ. 'ತಂದದ್ದಕ್ಕೆಲ್ಲ ಹೆಸರಿಡುವವಳು ಯಾರಿಗೆ ಬೇಕು...' ಮೂರು ವಾರ ಅವಳಿಗೆ ಊಟವೂ ಪಥ್ಯದಂತಾಯಿತು.

ಒಂದು ಬೆಳಗ್ಗೆ ಚನ್ನರಾಯಪಟ್ಟಣದ ಅತ್ತೆ, ಶಿವರಂಜನಿಯ ಮನೆಯಲ್ಲೇ ಸುಧಾರಿಸಿಕೊಳ್ಳುತ್ತಿದ್ದ ಅಜ್ಜಿಯನ್ನು ನೋಡಲು ಬಂದರು. ಕೈಯಲ್ಲಿ ಜ್ಯೂಸ್ ಪೊಟ್ಟಣ. ರೋಗಿಯನ್ನು ಬರಿಗೈಯಲ್ಲಿ ನೋಡಬಾರದು. ಬಂದ ಪೊಟ್ಟಣವನ್ನು ಒಡೆಯಲೂಬಾರದು, ಮುಂದಿನ ರೋಗಿಗೆ ಬೇಕಾಗುತ್ತದೆ. ಆ ಸೀಮೆಯ ಶಾಸ್ತ್ರವೇ ಅದು.

ಅಭ್ಯಾಸಬಲದಿಂದ ಶಿವರಂಜನಿ ಓದತೊಡಗಿದಳು. ಕೈಯಿಂದ ಕೈಗೆ ಸುತ್ತಿ ಅಂಟು ಬಿಟ್ಟಿದ್ದ ಪೊಟ್ಟಣದ ಮೂಲೆಯ ಮಡಿಸಿದ ಕಿವಿಯಡಿ ಬಾಲ್‌ಪೆನ್ ಅಕ್ಷರಗಳು...

'ಮೇಡಂ, ನೀವು ಓದದೇ ಬಿಡೋ ಜಾಗ ಇಲ್ಲ ಅಂತ ಇಲ್ಲಿ ಬರೆದೆ. ನಾನು ನೂರು ಪರ್ಸೆಂಟ್ ಅಂತ ಹೇಳಲ್ಲ. ಆದ್ರೆ ಮೇಲಿನ ಚಿತ್ರಕ್ಕಿಂತ ಒಳಗಡೆ ಹಣ್ಣು ಜಾಸ್ತಿ ಐತೆ. ಮದುವೆ ಆಗ್ತೀರಾ? ಭಾನುವಾರದೊಳಗೆ ಉತ್ತರ ಬರದಿದ್ರೆ ಇಷ್ಟ ಇಲ್ಲ ಅಂತ ತಿಳ್ಕೊಂಡು ದೂರ ಇರ್ತೀನಿ. ಪಾಲಾಕ್ಷ.'

"ಅಜ್ಜೀ... ಇದು?"

"ಅಯ್ಯೋ, ಆ ಹುಡ್ಗ ನಿಂಗೇಂತ ಕೊಟ್ಟೋದ್ನಲ್ಲ, ಅದೇ ಕಣಮ್ಮಿ. ಎಂಗೂ ಬೈತೀಯ ಅಂತ, ಅರಕಲಗೂಡು ಕೆಂಪಣ್ಣನ ಕಾಲು ಮುರ್ದಿತ್ತಲ್ಲ, ಅಲ್ಲಿಗೆ ಕಳ್ಸ್‌ಬುಟ್ಟೆ."

"ಕೆಂಪಣ್ಣನ ಹೆಂಡ್ತಿ ನಮ್ಮನೆಯವ್ರ ಜ್ವರಕ್ಕೆ ತಂದ್ಲು," ಎಂದರು ಅತ್ತೆ, ಪೆಚ್ಚಾಗಿ.

ಭಾನುವಾರ ಮೂರು ಕಳೆದಿದ್ದವು. ಶಿವರಂಜನಿ ಹೊಳೆನರಸೀಪುರಕ್ಕೆ ಸಿಕ್ಕಿದ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಪಾಲಾಕ್ಷ ತಲೆಯೆತ್ತದೆ ಬೆಲ್ಲ ತೂಗುತ್ತಿದ್ದ. ಅವಳು ಪೊಟ್ಟಣವನ್ನು ಅವನೆದುರು ಇಟ್ಟಳು.

"ಇದರ ಅವಧಿ ಮುಗಿದಿದೆಯಾ?"

ಅವನ ಕೈ ನಿಂತಿತು.

"ಈಗ... ಓದಿದ್ರಾ?"

"ಅರಕಲಗೂಡು, ಚನ್ನರಾಯಪಟ್ಟಣ ಎಲ್ಲಾ ನೋಡ್ಕೊಂಡು ಇವತ್ತು ಮನೆಗೆ ಬಂತು."

ಅವನು ಪೊಟ್ಟಣವನ್ನು ತಿರುಗಿಸಿ ನೋಡಿದ. ಈಗ ಅವನೂ ಓದುವವನೇ.

"ಒಡೀದಿದ್ರೆ ಇನ್ನೂ ನಾಲ್ಕು ತಿಂಗಳೈತೆ."

ಅವಳು ಅಲ್ಲಿದ್ದ ಕತ್ತರಿಯಿಂದ ಮೂಲೆ ಕತ್ತರಿಸಿದಳು.

"ಒಡೆದ ಮೇಲೆ?"

"ಐದು ದಿನದೊಳಗೆ..."

"ಹಾಗಾದ್ರೆ ಐದು ದಿನದೊಳಗೆ ನಿಮ್ಮಮ್ಮನ್ನ ಕರ್ಕೊಂಡು ಮನೆಗೆ ಬನ್ನಿ."

ಪಾಲಾಕ್ಷನ ಕಿವಿ ಮತ್ತೆ ಕೆಂಪಾಯಿತು.

"ಬರುವಾಗ ಏನ್ ತರ್ಲಿ?"

"ಸೀಬೆಕಾಯಿ."