ಉದಾಹರಣೆ ಸಹಿತ ವಿವರಿಸಿ

ಕತ್ತರಿ ಹಿಡಿದ ಕೈ ನಡುಗಬಾರದು ಅನ್ನುವುದು ಸಲೂನಿನ ಒಡತಿ ಚಿಕ್ಕಮ್ಮ ಹೇಳಿಕೊಟ್ಟ ಮೊದಲ ಪಾಠ. ಆ ದಿನ ಅಲ್ಲಿ ಕೆಲಸಕ್ಕಿದ್ದ ಗುಬ್ಬಿಯ ಕೈ ನಡುಗಿತು. ತಪ್ಪು ಅವಳದಲ್ಲ, ಕುರ್ಚಿಯಲ್ಲಿ ಕೂತವನದು. ಪಕ್ಕದ ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಅವನಿಗೆ. ಕನ್ನಡಿಗೆ ತೆರೆದು ಒರಗಿಸಿಟ್ಟಿದ್ದ ಅವಳ ಮನಃಶಾಸ್ತ್ರದ ಪುಸ್ತಕ ನೋಡಿ ನಕ್ಕುಬಿಟ್ಟಿದ್ದ.

ಇಪ್ಪತ್ತಾರು ವಯಸ್ಸಿಗೆ ಪಿಯುಸಿ ಪುಸ್ತಕ ಹಿಡಿದವಳನ್ನು ಕಂಡು ಬೀದಿಯೆಲ್ಲ ನಕ್ಕಾಗಿತ್ತು, ಇವನೂ ಆ ಗುಂಪಿಗೆ ಸೇರಿದ ಎಂದುಕೊಂಡಳು. ಕತ್ತರಿಯನ್ನು ಅವನ ಕಿವಿಯ ಹತ್ತಿರ ತಂದು, ನಗು ಯಾಕೆ ಬಂತೆಂದು ಕನ್ನಡಿಯಲ್ಲೇ ಕೇಳಿದಳು.

"ಕಿವಿ ಬಿಡಿ, ಹೇಳ್ತೀನಿ," ಅಂದ ಅವನು. "ಪುಟಪೂರ್ತಿ ಹಳದಿ ಬಳಿದಿದ್ದೀರಲ್ಲ, ಇದರಲ್ಲಿ ಮುಖ್ಯ ಅಲ್ಲದ್ದು ಯಾವುದು ಅಂತ ಹುಡುಕ್ತಿದ್ದೆ."

ಅವಳು ತಮಾಷೆಗೆ ನಗುವ ಸ್ಥಿತಿಯಲ್ಲಿರಲಿಲ್ಲ. ಅರ್ಧಕ್ಕೇ ಓದು ಬಿಟ್ಟವಳು, ಸಂಜೆ ಕಾಲೇಜು ಸೇರಿ ಒಂದೊಂದೇ ವಿಷಯ ಪಾಸು ಮಾಡಿಕೊಂಡಿದ್ದಳು. ಮನಃಶಾಸ್ತ್ರ ಮಾತ್ರ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಎರಡು ಸಲ ಫೇಲು, ಇನ್ನೊಂದೇ ಅವಕಾಶ. ಪಾಸಾದರೆ ದೂರದ ಊರಿನಲ್ಲಿ ನರ್ಸಿಂಗ್ ಸೀಟು, ಇಲ್ಲದಿದ್ದರೆ ಜೀವಮಾನವಿಡೀ ಊರವರ ಕೂದಲು ಗುಡಿಸುವುದು. ಸಾಮಾನ್ಯವಾಗಿ ಕ್ಷೌರಕ್ಕೆ ಕೂತವರು ತಮ್ಮ ಕಷ್ಟ ಅವಳಿಗೆ ಹೇಳುತ್ತಾರೆ. ಅವತ್ತು ಎಲ್ಲ ತಿರುಗಾಮುರುಗಾ. ಕುರ್ಚಿಯವನು ಕೇಳಿದ, ಕತ್ತರಿಯವಳು ಹೇಳಿದಳು.

ಹಿಂದಿನ ವರ್ಷ ಅದೇ ಸಂಜೆ ಕಾಲೇಜಿನಲ್ಲಿ ಅದೇ ಪೇಪರ್ ಬರೆದು ಗೆದ್ದವನು ಅವನು. ಊಟದ ಬಿಡುವಿನಲ್ಲಿ ಬಂದು ಹೇಳಿಕೊಡಲು ಒಪ್ಪಿದ.

ಮೊದಲ ದಿನವೇ ಹಳದಿ ಪೆನ್ನು ಕಿತ್ತುಕೊಂಡ. ಪುಸ್ತಕ ಮುಚ್ಚಿ, ಓದಿದ್ದನ್ನು ಬಾಯಲ್ಲಿ ಹೇಳಿ ಎಂದ. ಹತ್ತು ಸಲ ಓದಿದ ಪುಟದ ಒಂದು ಸಾಲೂ ಬರಲಿಲ್ಲ. ಅವಳಿಗೆ ಅಳುವೇ ಬಂತು. ಕಣ್ಣಿಗೆ ಪರಿಚಯವಾದದ್ದೆಲ್ಲ ತಲೆಗೆ ಗೊತ್ತಿರುವುದಿಲ್ಲ, ತಡಕಾಡಿ ತೆಗೆದದ್ದೇ ಉಳಿಯುವುದು ಎಂದು ಅವನು ಸಮಾಧಾನ ಹೇಳಿದ. ಇವತ್ತು ಕೇಳಿದ್ದನ್ನು ನಾಳೆ ಬಿಟ್ಟು, ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳುತ್ತಿದ್ದ. ಗ್ರಾಹಕರ ಕುರ್ಚಿಯಲ್ಲಿ ಅವಳು, ಹಿಂದೆ ನಿಂತು ಅವನು. ಪ್ರಶ್ನೆ ಕನ್ನಡಿಯಲ್ಲಿ ಹೋಗುತ್ತಿತ್ತು, ಉತ್ತರ ಕನ್ನಡಿಯಲ್ಲಿ ಬರುತ್ತಿತ್ತು. ನಡುವೆ ಕಣ್ಣುಗಳು ಎದುರಾದರೆ ಅವನು ಕನ್ನಡಕ ತೆಗೆದು ಒರೆಸುತ್ತಿದ್ದ. ಅಷ್ಟು ಒರೆಸಿಸಿಕೊಂಡ ಕನ್ನಡಕ ಊರಲ್ಲಿ ಇನ್ನೊಂದಿರಲಾರದು.

ಪುಸ್ತಕದ ಉದಾಹರಣೆ ಬೇಡ, ಸ್ವಂತ ಬದುಕಿನದು ಕಟ್ಟಿಕೊಳ್ಳಿ, ಎರವಲು ಚಪ್ಪಲಿ ನಡುದಾರಿಯಲ್ಲಿ ಕಚ್ಚುತ್ತದೆ ಎಂದೂ ಹೇಳಿದ್ದ. ಎಡವಟ್ಟಾಗಿದ್ದು ಅಲ್ಲೇ.

ಮಧ್ಯಾಹ್ನ ಅವನು ಶಟರ್ ಎಳೆದ ಸದ್ದಿಗೇ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಸದ್ದಿನ ಹಿಂದೆಯೇ ಅವನು ಬರುತ್ತಾನೆಂದು ಎದೆ ಕಲಿತದ್ದು ಅನುಬಂಧಿತ ಕಲಿಕೆ. ಎದುರಿನ ಬೇಕರಿಯವನು ಶಟರ್ ಎಳೆದರೂ ಹೊಡೆದುಕೊಳ್ಳುತ್ತಿತ್ತಲ್ಲ, ಅದು ಸಾಮಾನ್ಯೀಕರಣ. ಡ್ರೈಯರ್‌ಗಳ ಗದ್ದಲದಲ್ಲೂ ಪಕ್ಕದಂಗಡಿಯ ಒಂದು ಕೆಮ್ಮು ಮಾತ್ರ ಕೇಳುವುದು ಆಯ್ದ ಗಮನ. ಪಾಠ ಒಂದೂ ಮರೆಯಲಿಲ್ಲ. ಆದರೆ ಇವನ್ನೆಲ್ಲ ಯಾವ ಬಾಯಲ್ಲಿ ಹೇಳುವುದು?

ಪರೀಕ್ಷೆಯ ಹಿಂದಿನ ದಿನ ಅವನು ಇಡೀ ಪೇಪರ್ ಕೇಳಿದ. ವ್ಯಾಖ್ಯೆಗಳನ್ನು ಅವಳು ಪಟಪಟನೆ ಹೇಳಿದಳು. ಉದಾಹರಣೆ ಎಂದಾಗಲೆಲ್ಲ ಮೂಕಿಯಾದಳು. ಪುಸ್ತಕದವು ಎಂದೋ ಮರೆತಿದ್ದವು. ಹೊಸದು ಹುಡುಕಲು ಹೋದರೂ ಅವನೇ ಅಡ್ಡ ಬಂದು ನಿಲ್ಲುತ್ತಿದ್ದ. ಅರ್ಧದಷ್ಟು ಅಂಕಗಳು ಉದಾಹರಣೆಗೇ ಇರುತ್ತವೆಂದು ಅವನು ಮೂರು ಸಲ ನೆನಪಿಸಿದ. ನಾಲ್ಕನೆಯ ಸಲ ಯಾವತ್ತೂ ಏರದ ದನಿ ಏರಿತು.

"ಬೇಕಂತಲೇ ಫೇಲ್ ಆಗೋಕೆ ಹೊರಟಿದ್ದೀರಾ?"

ಆ ಮಾತು ಚುಚ್ಚಿತು, ಯಾಕೆಂದರೆ ಪೂರ್ತಿ ಸುಳ್ಳಲ್ಲ. ಫೇಲಾದರೆ ಈ ಊರಿನಲ್ಲೇ ಉಳಿಯಬಹುದೆಂಬ ಹಾಳು ಯೋಚನೆ ಅವಳ ತಲೆಗೂ ಬಂದು ಹೋಗಿತ್ತು. ಅದಕ್ಕಾಗಿ ತನ್ನ ಮೇಲೇ ಹೇಸಿಗೆಪಟ್ಟಿದ್ದಳು. ಈಗ ಅವನು ಚೀಲ ಎತ್ತಿಕೊಂಡದ್ದು ಕಂಡು ದಿಕ್ಕೇ ತೋಚಲಿಲ್ಲ.

"ಉದಾಹರಣೆ ಇವೆ," ಅಂದಳು. "ಹೇಳೋಕಾಗಲ್ಲ. ಎಲ್ಲದರಲ್ಲೂ ನೀವೇ ಇದ್ದೀರ."

ಅವನು ಚೀಲ ಕೆಳಗಿಟ್ಟು ಕುರ್ಚಿಯನ್ನು ತನ್ನ ಕಡೆ ತಿರುಗಿಸಿದ. ಕನ್ನಡಿ ಬೆನ್ನಿಗೆ ಹೋಯಿತು. ಅಡಗಲು ಜಾಗವೇ ಉಳಿಯಲಿಲ್ಲ. ಒಂದೊಂದಾಗಿ ಹೇಳಲು ಕೇಳಿದ. ಅವಳು ಅಳುತ್ತಲೇ ಹೇಳಿದಳು: ಶಟರ್, ಬೇಕರಿ, ಕೆಮ್ಮು. ಅವನ ಕಿವಿ ಕೆಂಪಾಯಿತು. ಆದರೂ ಒಳಗಿನ ಮೇಷ್ಟರು ಸುಮ್ಮನಿರಲಿಲ್ಲ. ಮೂರಕ್ಕೂ ಪೂರ್ತಿ ಅಂಕ, ನನ್ನ ಬದಲು 'ಒಬ್ಬ ವ್ಯಕ್ತಿ' ಅಂತ ಬರೆದರಾಯಿತು ಎಂದ.

ಆಮೇಲೆ ತಲೆ ತಗ್ಗಿಸಿದ. "ನೀನು ಪಾಸಾದ್ರೆ ಹೊರಟುಹೋಗ್ತೀಯ ಅಂತ ನಂಗೆ ಮೊದಲೇ ಗೊತ್ತಿತ್ತು. ಒಂದೆರಡು ಪಾಠ ತಪ್ಪು ಹೇಳ್ಕೊಡೋಣ ಅಂತ ಆಸೇನೂ ಆಯ್ತು. ಮನಸ್ಸು ಬರಲಿಲ್ಲ."

ಅವಳು ಪರೀಕ್ಷೆ ಬರೆದಳು. ಅವತ್ತು ಆ ಒಬ್ಬ ವ್ಯಕ್ತಿ ಉತ್ತರಪತ್ರಿಕೆಯ ತುಂಬ ಶಟರ್ ಎಳೆದ, ಕೆಮ್ಮಿದ, ಕನ್ನಡಕ ಒರೆಸಿದ.

ಫಲಿತಾಂಶ ಬಂದ ದಿನ ಗುಬ್ಬಿ ಮೂಲೆಯ ಕುರ್ಚಿಯಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತಳು. ಚಿಕ್ಕಮ್ಮ ತಲೆ ಸವರಿ, ಹೋಗಲಿ ಬಿಡು ಮಗಳೇ, ಕತ್ತರಿ ನಂಬಿದವರು ಹಸಿದು ಸತ್ತಿಲ್ಲ ಎಂದು ಸಂತೈಸಿದರು. ಪಾಸಾಗಿದ್ದೇನೆಂದು ಹೇಳಲು ಅವಳಿಗೆ ಬಹಳ ಹೊತ್ತು ಬೇಕಾಯಿತು. ಮತ್ತೆ ಯಾಕೆ ಅಳುತ್ತೀಯ ಎಂದು ಚಿಕ್ಕಮ್ಮ ಕೇಳಿದರು. ಬಾಗಿಲಲ್ಲಿ ಅವನು ಬಂದು ನಿಂತಾಗ ಚಿಕ್ಕಮ್ಮನಿಗೆ ತಾನಾಗಿಯೇ ಅರ್ಥವಾಯಿತು. ಟವೆಲ್ ಒಣಹಾಕುವ ನೆಪದಲ್ಲಿ ಹಿತ್ತಲಿಗೆ ಹೋದರು.

ಪಾಸಾದ ಸುದ್ದಿಯನ್ನು ಗುಬ್ಬಿ ಸಾವಿನ ಸುದ್ದಿಯ ಹಾಗೆ ಹೇಳಿದಳು. ಅವನು ಕನ್ನಡಕ ತೆಗೆದ, ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡು ನಿಂತ.

"ಕಣ್ಣು ಮಂಜಾದೋರು ಎಲ್ಲಾ ಊರಲ್ಲೂ ಇರ್ತಾರೆ," ಅಂದ. "ಗಾಜು ಕೂರಿಸೋ ಕೆಲಸ ಅಲ್ಲೂ ಸಿಗುತ್ತೆ. ನಾನೂ ಬರ್ಲಾ?"

ಇಷ್ಟು ದಿನ ಅವನು ಕೇಳಿದ ಪ್ರಶ್ನೆಗಳಿಗೆಲ್ಲ ಅವಳು ತಡಕಾಡಿ ಉತ್ತರ ತೆಗೆದಿದ್ದಳು. ಇದಕ್ಕೆ ತಡಕಾಡಬೇಕಾಗಲಿಲ್ಲ.

"ಬಾ," ಅಂದಳು.