ಎರಡನೇ ಬಾಟಲಿ

ಬುಧವಾರ ಬೆಳಿಗ್ಗೆ ಸರ್ಕಾರಿ ವಿಷಪರೀಕ್ಷಾ ಪ್ರಯೋಗಾಲಯದ ನಿರ್ದೇಶಕರು ಠಾಣೆಗೆ ಬಂದರು. ಶೀತಕೋಣೆಯಿಂದ ಮೊಹರು ಹಾಕಿದ ಬಾಟಲಿಯೊಂದು ಕಳುವಾಗಿತ್ತು. ಅದರಲ್ಲಿದ್ದದ್ದು ಮಕ್ಕಳು ಮಲಗುವ ಕೋಣೆಗೆಂದು ತಯಾರಾದ ಸೊಳ್ಳೆ ಓಡಿಸುವ ದ್ರಾವಣ.

"ಎಫ್‌ಐಆರ್ ಎಲ್ಲಾ ಬೇಡ ಇನ್ಸ್‌ಪೆಕ್ಟರೇ. ಸದ್ದಿಲ್ಲದೆ ಹುಡುಕಿಕೊಡಿ, ಸಾಕು."

"ಕಳುವಾಗಿದೆ ಅಂತೀರಿ, ದೂರು ಬೇಡ ಅಂತೀರಿ. ಇದೇನು ಬಸ್ಸಲ್ಲಿ ಕೊಡೆ ಮರೆತ ಹಾಗಾ ಸಾರ್?"

ಇನ್ಸ್‌ಪೆಕ್ಟರ್ ಹಟ ಹಿಡಿದರೆ ಬಿಡುವ ಆಸಾಮಿಯಲ್ಲ. ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು.

ಪ್ರಯೋಗಾಲಯಕ್ಕೆ ಹೋಗಿ ನೋಡಿದರೆ ಶೀತಕೋಣೆಯ ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಇಬ್ಬರ ಬಳಿ: ನಿರ್ದೇಶಕರು ಮತ್ತು ಹಿರಿಯ ವಿಷಶಾಸ್ತ್ರಜ್ಞೆ. ಆಕೆ ಮಂಗಳವಾರದಿಂದ ರಜೆಯಲ್ಲಿದ್ದಳು.

"ಈ ಬಾಟಲಿ ಯಾಕೆ ಅಷ್ಟು ಮುಖ್ಯ?"

"ಪ್ರತಿ ಮಾಲಿಂದ ಮಾದರಿಗೆ ಅಂತ ಎರಡು ಬಾಟಲಿ ತೆಗೀತೀವಿ. ಮೊದಲನೇದನ್ನ ಆಯಮ್ಮ ಪರೀಕ್ಷೆ ಮಾಡಿ, ಮಕ್ಕಳ ನರಕ್ಕೆ ಹಾನಿ ಅಂದ್ಲು. ಕಂಪನಿ ಒಪ್ಪಲಿಲ್ಲ. ಶುಕ್ರವಾರ ಈ ಎರಡನೇದು ಹೊರಗಿನ ಪ್ರಯೋಗಾಲಯಕ್ಕೆ ಹೋಗ್ಬೇಕು. ಅಂದಹಾಗೆ, ಕ್ಯಾಮೆರಾ ಕೆಟ್ಟಿದೆ."

ಕ್ಯಾಮೆರಾದ ಮಾತನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು! ಠಾಣೆಯಲ್ಲಿ ಎಲ್ಲರೂ 'ಮೀಸೆ' ಎಂದೇ ಕರೆಯುವ ಪೇದೆ ಸ್ಟೂಲು ಹತ್ತಿ ನೋಡಿದ. ಅದು ಚೆನ್ನಾಗಿಯೇ ಓಡುತ್ತಿತ್ತು.

ದೃಶ್ಯ ಹಿಂದಕ್ಕೆ ಓಡಿಸಿ ನೋಡಿದರೆ, ಸೋಮವಾರ ಸಂಜೆ ವಿಷಶಾಸ್ತ್ರಜ್ಞೆ ಒಳಗೆ ಬಂದು ಬಾಟಲಿ ತೆಗೆದುಕೊಂಡಿದ್ದಳು. ಕದ್ದುಮುಚ್ಚಿ ಅಲ್ಲ, ಕ್ಯಾಮೆರಾಕ್ಕೆ ಎತ್ತಿ ತೋರಿಸಿ, ಚೀಲಕ್ಕೆ ಹಾಕಿಕೊಂಡು ಹೋಗಿದ್ದಳು. ಒಂದೂವರೆ ಗಂಟೆಯ ಬಳಿಕ ನಿರ್ದೇಶಕರು ಅಂಥದ್ದೇ ಇನ್ನೊಂದು ಬಾಟಲಿ ಹಿಡಿದು ಬಂದು, ಖಾಲಿ ಕಪಾಟಿನ ಮುಂದೆ ಪೆಚ್ಚಾಗಿ ನಿಂತಿದ್ದರು.

ಆಕೆಯ ಮನೆಯ ಬಾಗಿಲು ತೆರೆದದ್ದು ತಾಯಿ. "ಡಾಕ್ಟ್ರಾಗೇ ಅಂದ್ರೆ ಇಲಿ ಸಾಕೋ ಕೆಲಸಕ್ಕೆ ಸೇರಿದ್ಲು. ಈಗ ಪೊಲೀಸರು ಬೇರೆ!"

ಮಗಳು ಹಿಂದಿನಿಂದ ಬಂದು ಕೇಳಿದ್ದು ಒಂದೇ ಮಾತು. "ಎಫ್‌ಐಆರ್ ಆಗಿದೆಯಾ?"

"ಆಗಿದೆ."

"ಅಬ್ಬಾ! ಹಾಗಾದ್ರೆ ಪಂಚರನ್ನ ಕರೆಸಿ. ನಮ್ಮ ಮೊಹರು ಒಡೆದಿಲ್ಲ ಅಂತ ಬರೀರಿ. ಮೇಲೆ ನಿಮ್ಮದೂ ಒಂದು ಬೀಳಲಿ."

"ಕದ್ದೋರು ನೀವು, ನಮಗೇ ಕೆಲಸ ಹೇಳ್ತೀರಲ್ಲ ಮೇಡಂ?"

"ಮತ್ತಿನ್ನೇನು ಮಾಡ್ಲಿ? ಬಾಟಲಿ ಬದಲಾಯಿಸ್ತಾರೆ ಅಂತ ಮೇಲಿನವರಿಗೆ ಹೇಳಿ ಹೇಳಿ ಸಾಕಾಯ್ತು. ಪೊಲೀಸರು ವಶಪಡಿಸಿಕೊಂಡ್ರೆ ಕೋರ್ಟೇ ಅದನ್ನ ಪರೀಕ್ಷೆಗೆ ಕಳಿಸ್ಬೇಕು. ನಮ್ಮ ಸಾಹೇಬರ ಕೈ ಅಲ್ಲಿಗೆ ಎಟುಕಲ್ಲ."

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ಕೆಲಸ ಹೋಗುತ್ತೆ. ಮುಂದಿನ ತಿಂಗಳು ಉಪನಿರ್ದೇಶಕಿ ಆಗೋರಿದ್ರಂತೆ."

"ಹನ್ನೆರಡು ವರ್ಷ ಕಷ್ಟಪಟ್ಟು ಮೇಲೆ ಬಂದೋಳು ನಾನು. ಹೊಟ್ಟೆ ಉರಿಯುತ್ತೆ, ಸುಳ್ಯಾಕೆ ಹೇಳ್ಲಿ? ಆದ್ರೆ ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಸಾಹೇಬರು ಎಷ್ಟೇ ಒತ್ತಾಯ ಮಾಡಲಿ, ಆ ದ್ರಾವಣ ಸುರಕ್ಷಿತ ಅಂತ ನಾನು ಸಹಿ ಹಾಕಲ್ಲ. ಹಾಕಲ್ಲ ಅಂದ್ರೆ ಹಾಕಲ್ಲ."

ಫ್ರಿಜ್ಜಿನೊಳಗೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಬಾಟಲಿ ಸಿಕ್ಕಿತು. ಮಧ್ಯಾಹ್ನ ಮೂರೂವರೆಗೆ ಪಂಚನಾಮೆ ಮುಗಿಯಿತು. ಮಹಿಳಾ ಪೇದೆ ಆಕೆಯನ್ನು ಬಂಧಿಸಿ ಜೀಪು ಹತ್ತಿಸಿದಳು. ಬೀದಿಯವರೆಲ್ಲ ಹೊರಗೆ ಬಂದು ನಿಂತಿದ್ದರು. ಅಷ್ಟು ಹೊತ್ತೂ ಬೈಯುತ್ತಿದ್ದ ತಾಯಿ ಗೇಟಿನವರೆಗೆ ಬಂದು, "ತಲೆ ತಗ್ಗಿಸ್ಬೇಡ ಕಣೇ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು.

ಠಾಣೆಯಲ್ಲಿ ನಿರ್ದೇಶಕರು ಕಾಯುತ್ತಿದ್ದರು. "ಸಿಕ್ತಲ್ಲ, ಕೊಡಿ ಇಲ್ಲಿ."

"ಇದಿನ್ನು ಕೋರ್ಟಿನ ಸ್ವತ್ತು ಸಾರ್. ಸೋಮವಾರ ನಿಮ್ಮ ಕೈಲಿತ್ತಲ್ಲ, ಆ ಬಾಟಲಿ ಎಲ್ಲಿ? ಅದಕ್ಕೂ ಒಂದು ಪಂಚನಾಮೆ ಆಗಿಬಿಡ್ಲಿ. ಮೀಸೆ, ಸಾಹೇಬ್ರಿಗೆ ಕುರ್ಚಿ ಹಾಕು."

ಸಂಜೆ ವಿಷಶಾಸ್ತ್ರಜ್ಞೆಯ ಹೇಳಿಕೆ ದಾಖಲಾಯಿತು. ಕದಿಯಲು ಕಾರಣವೇನು ಎಂಬ ಪ್ರಶ್ನೆಗೆ ಆಕೆ ಹೀಗೆ ಬರೆಸಿದಳು: "ತಾಯಂದಿರು ಮಗುವನ್ನು ಮಲಗಿಸಿ, ಇದನ್ನು ಹಚ್ಚಿಟ್ಟು, ಬಾಗಿಲು ಮುಚ್ಚಿಕೊಂಡು ಹೋಗುತ್ತಾರೆ. ಸರ್ಕಾರದವರು ನೋಡಿರುತ್ತಾರೆ ಎಂಬ ಧೈರ್ಯ ಅವರದು. ಆ ನೋಡುವವಳು ನಾನು."

ಇನ್ಸ್‌ಪೆಕ್ಟರ್ ಪೆನ್ನು ಮುಂದೆ ಸರಿಸಿದರು. ಈ ಸಹಿ ಹಾಕಲು ಆಕೆ ಒಂದು ಕ್ಷಣವೂ ಯೋಚಿಸಲಿಲ್ಲ.